ಫಂಗಸ್ ಇಲ್ಲ ಎಂದು ನಾನು ಬರೆದ ವರದಿ

ಆ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಮೇಜಿನ ಮೇಲೆ ಎರಡು ಗಾಜಿನ ಸ್ಲೈಡುಗಳು ಬಂದವು. ಜೊತೆಗಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಬಲಗಣ್ಣು, ಕಾರ್ನಿಯಾದ ಹುಣ್ಣು, ಫಂಗಸ್ ಇದೆಯೇ?

ಅಥಣಿಗೂ ಕಾಗವಾಡಕ್ಕೂ ನಡುವಿನ ಒಂದು ಸಣ್ಣ ಖಾಸಗಿ ಆಸ್ಪತ್ರೆ ಅದು. ಹೆಸರು ಬೇಡ. ಹಿಂದಿನ ಕೋಣೆಯಲ್ಲಿ ಒಂದು ಸೂಕ್ಷ್ಮದರ್ಶಕ, ಬಣ್ಣದ ಬಾಟಲಿಗಳ ಒಂದು ಸಾಲು, ಒಂದು ಫ್ರಿಜ್, ಮತ್ತು ನಾನು. ಅದೇ ಲ್ಯಾಬು. ಕಣ್ಣಿನ ಡಾಕ್ಟರು ವಾರಕ್ಕೊಮ್ಮೆ, ಗುರುವಾರ ಮಾತ್ರ ಬರುತ್ತಿದ್ದರು. ಆ ದಿನ ಹೊರಗಿನ ಬೆಂಚಿನಲ್ಲಿ ಕೂರಲು ಜಾಗವಿರುತ್ತಿರಲಿಲ್ಲ.

ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರ. ಅಲ್ಲಿ ಹುಣ್ಣಾದರೆ ಮರಗಟ್ಟಿಸುವ ಹನಿ ಹಾಕಿ, ಸಣ್ಣ ಬ್ಲೇಡಿನ ಅಂಚಿನಿಂದ ಹುಣ್ಣಿನ ಬುಡವನ್ನು ಮೆಲ್ಲಗೆ ಕೆರೆದು ಸ್ಲೈಡಿಗೆ ಸವರುತ್ತಾರೆ. ಸಿಗುವುದು ಸಾಸಿವೆಯ ಅರ್ಧದಷ್ಟು. ಒಂದು ಸ್ಲೈಡಿಗೆ ನಾನು ಪೊಟ್ಯಾಶಿಯಂ ಹೈಡ್ರಾಕ್ಸೈಡಿನ ಹನಿ ಬಿಟ್ಟು ನೋಡಿದೆ. ಫಂಗಸ್ ಇದ್ದರೆ ಕವಲೊಡೆದ ಎಳೆಗಳು ಕಾಣಬೇಕು. ಕಾಣಲಿಲ್ಲ. ಇನ್ನೊಂದಕ್ಕೆ ಬಣ್ಣ ಹಾಕಿ ಬ್ಯಾಕ್ಟೀರಿಯಾ ಹುಡುಕಿದೆ. ಅದೂ ಇರಲಿಲ್ಲ. ಅಲ್ಲಲ್ಲಿ ದುಂಡನೆಯ ಕಣಗಳು ಕಂಡವು. ಕೀವಿನ ಕಣವಿರಬೇಕು, ಇಲ್ಲವೇ ಸತ್ತ ಜೀವಕೋಶವಿರಬೇಕು ಎಂದುಕೊಂಡೆ. ಹೊರಗೆ ಹತ್ತು ಜನ ರಕ್ತ ಕೊಡಲು ಕಾಯುತ್ತಿದ್ದರು. 'ಫಂಗಸ್ ಇಲ್ಲ, ಬ್ಯಾಕ್ಟೀರಿಯಾ ಇಲ್ಲ' ಎಂದು ಬರೆದು ಸಹಿ ಮಾಡಿ ಕಳಿಸಿದೆ. ಬಣ್ಣ ಹಾಕಿದ ಸ್ಲೈಡನ್ನು ಪೆಟ್ಟಿಗೆಯಲ್ಲಿ ಇಟ್ಟೆ.

ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಇವತ್ತಿಗೂ ನನ್ನನ್ನು ಕೆರಳಿಸುವುದು ಅದೇ.

ಹನ್ನೆರಡು ದಿನ ಬಿಟ್ಟು, ಒಂದು ಮಂಗಳವಾರ, ಸಕ್ಕರೆ ಪರೀಕ್ಷೆಗೆ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು. ಸೆರಗಿನ ತುದಿಯನ್ನು ಉಂಡೆ ಮಾಡಿ ಬಲಗಣ್ಣಿಗೆ ಒತ್ತಿ ಹಿಡಿದಿದ್ದಳು. ಕಿಟಕಿಯ ಬೆಳಕು ತಾಗಿದೊಡನೆ ಪೆಟ್ಟು ಬಿದ್ದವಳಂತೆ ಮುಖ ತಿರುಗಿಸಿದಳು. ಹಿಂದೆ ಅವಳ ಗಂಡ, ತಲೆಗೆ ಟವಲು ಸುತ್ತಿಕೊಂಡು ಬಾಗಿಲಲ್ಲೇ ನಿಂತ.

"ಬಾಯಾರ, ಕಿಡಕಿ ಹಾಕ್ರಿ. ಕಣ್ಣಾಗ ಯಾರೋ ಸೂಜಿ ಆಡಿಸಿದಂಗ ಆಗಾಕತ್ತೈತಿ," ಎಂದಳು.

ಕಿಟಕಿ ಮುಚ್ಚಿದೆ. ಕೈಗೆ ಪಟ್ಟಿ ಕಟ್ಟುತ್ತ, ಏನಾಯಿತೆಂದು ಕೇಳಿದೆ.

ದ್ರಾಕ್ಷಿ ತೋಟಗಳಲ್ಲಿ ಕಲಮು ಕಟ್ಟುವುದು ಅವಳ ಕೆಲಸ. ಕಾಡು ಬಳ್ಳಿಯ ಬೊಡ್ಡೆಯನ್ನು ಸೀಳಿ, ಒಳ್ಳೆಯ ಜಾತಿಯ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಅದರೊಳಗೆ ಕೂರಿಸಿ, ತೊಗಟೆಗೆ ತೊಗಟೆ ಹೊಂದಿಸಿ ಪಟ್ಟಿ ಸುತ್ತುವುದು. ಆ ಭಾಗದಲ್ಲಿ ಈ ಕೆಲಸಕ್ಕೆ ಬಹುತೇಕ ಗಂಡಸರ ತಂಡಗಳೇ ಬರುತ್ತವೆ. ಅವಳು ಮಾತ್ರ ತನ್ನ ಚಾಕು ಹಿಡಿದು ಆ ತಂಡಗಳ ಸಮಕ್ಕೆ ನಿಂತವಳು. "ನಾ ಕಟ್ಟಿದ್ದ ಕಲಮ ಹುಸಿ ಹೋಗಂಗಿಲ್ರಿ," ಎಂದು ಅಷ್ಟು ನೋವಿನಲ್ಲೂ ಹೇಳಿದಳು. ಮನೆಯಲ್ಲಿ ಆಡುಗಳಿವೆ. ಶಿರಗುಪ್ಪಿ ಕಡೆ ಬಿತ್ತನೆಗೆಂದು ಕಡಿದ ಕಬ್ಬಿನ ಸೋಗೆಯನ್ನು ಆಡಿಗೆ ತರಲು ಹೋದಾಗ ಎಲೆಯ ಅಂಚು ಕಣ್ಣಿಗೆ ಹೊಡೆಯಿತು. ಉರಿ ತಡೆಯದೆ ಪಕ್ಕದ ತೋಟದ ಕೃಷಿ ಹೊಂಡದ ನೀರು ಮೊಗೆದು ಮತ್ತೆ ಮತ್ತೆ ತೊಳೆದುಕೊಂಡಳು.

"ಹಸರ ನೀರೇನ್ರಿ?"

"ಪಾಚಿ ಇತ್ರಿ. ಕೈಲೆ ಸರಿಸಿ ತಗೊಂಡ್ನಿ."

ಆಮೇಲೆ ಮೆಡಿಕಲ್ ಅಂಗಡಿ. ಕಣ್ಣು ಕೆಂಪಾಗಿದೆ ಎಂದಿದ್ದಕ್ಕೆ ಅವನು ಒಂದು ಡ್ರಾಪ್ಸ್ ಕೊಟ್ಟ. ಐದಾರು ದಿನ ಕೆಂಪು ಇಳಿದು, ಮತ್ತೆ ಎದ್ದಿತು. ಆಗ ನಮ್ಮಲ್ಲಿಗೆ ಬಂದಳು. ಡಾಕ್ಟರು ಕೆರೆದರು, ನನ್ನ ವರದಿ ನೋಡಿದರು, ವೈರಸ್ ಹುಣ್ಣು ಎಂದು ಬರೆದು ಮುಲಾಮು ಕೊಟ್ಟರು, ಜೊತೆಗೆ ಊತ ಇಳಿಸುವ ಸ್ಟೀರಾಯ್ಡ್ ಹನಿ. ಅವಳ ಚೀಲದಿಂದ ಎರಡು ಬಾಟಲಿ ತೆಗೆಸಿ ನೋಡಿದೆ. ಮೆಡಿಕಲ್‌ನವನು ಕೊಟ್ಟದ್ದೂ ಸ್ಟೀರಾಯ್ಡೇ. ಹೆಸರು ಬೇರೆ, ಬಾಟಲಿ ಬೇರೆ, ಒಳಗಿನ ಮದ್ದು ಒಂದೇ.

ಫಂಗಸ್ ಇರಬಹುದೆಂಬ ಅನುಮಾನ ಇರುವವರೆಗೆ ಯಾವ ಡಾಕ್ಟರೂ ಸ್ಟೀರಾಯ್ಡ್ ಹಾಕುವುದಿಲ್ಲ. ಆ ಅನುಮಾನವನ್ನು ತೆಗೆದುಹಾಕಿದ್ದು ನನ್ನ ಸಹಿ.

ರಕ್ತ ತೆಗೆದು ಅವಳನ್ನು ಹೊರಗೆ ಕೂರಿಸಿದೆ. ಸ್ಲೈಡ್ ಪೆಟ್ಟಿಗೆ ತೆರೆದು, ಆ ಗುರುವಾರದ್ದನ್ನು ಹುಡುಕಿ, ಎಣ್ಣೆಯ ಹನಿ ಹಾಕಿ ನೋಡತೊಡಗಿದೆ. ಈ ಸಲ ಫಂಗಸ್ ಹುಡುಕಲಿಲ್ಲ. ಏನಿದೆ ಎಂದು ನೋಡಿದೆ. ಮೊದಲ ಸಾಲು, ಎರಡನೆಯ ಸಾಲು. ಮೂರನೆಯ ಸಾಲಿನಲ್ಲಿ ಆ ದುಂಡು ಕಣ. ಪಕ್ಕದ ಬಿಳಿ ರಕ್ತಕಣಕ್ಕಿಂತ ತುಸು ದೊಡ್ಡದು. ಕೀವಿನ ಕಣವಲ್ಲ, ಅದಕ್ಕೆ ಗೋಡೆಯಿತ್ತು. ಒಂದಲ್ಲ, ಎರಡು ಗೋಡೆ. ಹೊರಗಿನದು ಸುಕ್ಕುಗಟ್ಟಿದ್ದು, ಒಳಗಿನದು ಮೂಲೆ ಮೂಲೆಯಾಗಿ, ಕತ್ತರಿಸಿದ ಹರಳಿನಂತೆ. ಇನ್ನೂ ಮುಂದೆ ಹೋದೆ. ಮತ್ತೊಂದು. ಒಂದೆಡೆ ಮೂರು ಒಟ್ಟಿಗೇ ಇದ್ದವು.

ಮಲದ ಪರೀಕ್ಷೆಯಲ್ಲಿ ಅಮೀಬಾದ ಕೋಶಗಳನ್ನು ಎಷ್ಟೋ ವರ್ಷ ನೋಡಿದ ಕಣ್ಣು ನನ್ನದು. ಇದು ಆ ಜಾತಿಯಲ್ಲ. ಆದರೂ ಇದೇನೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಓದುವಾಗಿನ ಹಳೆಯ ಪುಸ್ತಕ ಕಪಾಟಿನಲ್ಲಿತ್ತು. ಚಿತ್ರಕ್ಕೆ ಹೋಲಿಸಿದೆ. ಅಕ್ಯಾಂತಮೀಬಾ. ಹೊಂಡ, ಬಾವಿ, ಕಾಲುವೆ, ಕೆಸರು ಎಲ್ಲ ಕಡೆ ಇರುವ ಒಂದೇ ಕಣದ ಜೀವಿ. ಸುಮ್ಮನೆ ಇದ್ದರೆ ಯಾರಿಗೂ ಏನೂ ಮಾಡುವುದಿಲ್ಲ. ಗೀರು ಬಿದ್ದ ಕಾರ್ನಿಯಾ ಸಿಕ್ಕರೆ ಒಳಗೆ ಹೊಕ್ಕು ಪದರವನ್ನು ತಿನ್ನುತ್ತದೆ, ನರದ ಗುಂಟ ಹರಿಯುತ್ತದೆ. ನೋಡಲು ಹುಣ್ಣು ಸಣ್ಣದಿರುತ್ತದೆ, ನೋವು ಮಾತ್ರ ಸಹಿಸಲಾಗದ್ದು. ಮದ್ದು ತಾಗಿದರೆ ಎರಡು ಗೋಡೆ ಕಟ್ಟಿಕೊಂಡು ಕೂತುಬಿಡುತ್ತದೆ. ಸ್ಟೀರಾಯ್ಡ್ ಹಾಕಿದರೆ ಕೆಂಪು ಇಳಿಯುತ್ತದೆ, ಕಣ್ಣು ವಾಸಿಯಾದಂತೆ ಕಾಣುತ್ತದೆ, ಒಳಗೆ ಅದು ಬೆಳೆಯುತ್ತದೆ.

ಡಾಕ್ಟರಿಗೆ ಫೋನು ಮಾಡಿದೆ. ಅವರು ಬೇರೆ ಊರಿನ ಆಸ್ಪತ್ರೆಯಲ್ಲಿ ಇದ್ದರು. ಕಂಡದ್ದನ್ನು ಹೇಳಿದೆ.

"ಮೇಡಂ, ಅದು ಕಾಂಟ್ಯಾಕ್ಟ್ ಲೆನ್ಸ್ ಹಾಕೋರಿಗೆ ಬರೋ ಕಾಯಿಲೆ," ಎಂದರು. "ಆ ಹೆಂಗಸು ಎಲ್ಲಿ ಲೆನ್ಸ್ ಹಾಕ್ತಾಳೆ?"

"ಹೊಂಡದ ನೀರಿಲೆ ಕಣ್ಣು ತೊಳಕೊಂಡಾಳ್ರಿ ಸರ್. ಗೀರೂ ಬಿದ್ದಿತ್ತು."

"ಎಲ್ಲರೂ ತೊಳ್ಕೋತಾರೆ. ನೀವೇ ನೆಗೆಟಿವ್ ಅಂತ ರಿಪೋರ್ಟ್ ಕೊಟ್ಟಿದ್ದೀರಲ್ಲ?"

"ನೀವು ಫಂಗಸ್ ಕೇಳಿದ್ರಿ. ಫಂಗಸ್ ಇಲ್ಲಂತ ಬರದ್ನಿ. ಇದು ಬ್ಯಾರೆ ಐತಿ. ನನ್ನ ತಪ್ಪೂ ಐತಿ. ಸ್ಟೀರಾಯ್ಡ್ ಅಷ್ಟು ಬಂದ್ ಮಾಡಸ್ರಿ ಸರ್."

"ಟ್ರೀಟ್‌ಮೆಂಟ್ ನಾನು ನೋಡ್ಕೋತೀನಿ. ಗುರುವಾರ ಬರಲಿ."

ಗುರುವಾರಕ್ಕೆ ಇನ್ನೂ ಎರಡು ದಿನವಿತ್ತು. ಅಲ್ಲಿಯವರೆಗೆ ಎರಡು ತಾಸಿಗೊಮ್ಮೆ ಅದೇ ಸ್ಟೀರಾಯ್ಡ್ ಹನಿ. ಮ್ಯಾನೇಜರರ ಕೋಣೆಗೆ ಹೋದೆ. ಅವರು ಚಹಾದ ಕಪ್ಪು ಕೆಳಗಿಡದೇ ನನ್ನ ಮಾತು ಕೇಳಿದರು. ಒಮ್ಮೆ ಕೊಟ್ಟ ವರದಿಯನ್ನು ತಿದ್ದಿದರೆ ಆಸ್ಪತ್ರೆಯ ಹೆಸರು ಕೆಡುತ್ತದೆ ಎಂದರು. "ರೋಗ ಯಾವುದು ಅನ್ನೂದು ಡಾಕ್ಟರ್ ಹೇಳಬೇಕ್ರಿ. ಲ್ಯಾಬಿನವ್ರು ಹೇಳಬಾರದು."

"ರೋಗ ಹೇಳಾಕತ್ತಿಲ್ರಿ. ಕಂಡದ್ದು ಹೇಳಾಕತ್ತೀನಿ."

"ಮೊದಲ ಯಾಕ ಕಾಣಲಿಲ್ಲ ಮತ್ತ?"

ಸಿಟ್ಟು ಬಂತು. ಅದರಲ್ಲಿ ಯಾವ ಪಾಲು ಅವರ ಮೇಲೆ, ಯಾವ ಪಾಲು ನನ್ನ ಮೇಲೆ ಎಂದು ಬೇರ್ಪಡಿಸಲು ಆಗಲಿಲ್ಲ.

ಲ್ಯಾಬಿಗೆ ಬಂದು ಬಿಳಿ ಹಾಳೆ ತೆಗೆದೆ. 'ಅದೇ ಸ್ಲೈಡಿನ ಮರುಪರಿಶೀಲನೆ. ಎರಡು ಗೋಡೆಯ, ಅಮೀಬಾವನ್ನು ಹೋಲುವ ಕೋಶಗಳು ಕಂಡಿವೆ. ಮೊದಲ ವರದಿಯಲ್ಲಿ ಇವನ್ನು ನಮೂದಿಸಿಲ್ಲ.' ಅಂದಿನ ದಿನಾಂಕ ಹಾಕಿ ಸಹಿ ಮಾಡಿದೆ. ನಕಲು ಲ್ಯಾಬಿನ ಕಡತಕ್ಕೆ ಸೇರಿಸಿದೆ. ಮೂಲ ಪ್ರತಿ ಹಿಡಿದು ಹೊರಗೆ ಬಂದೆ.

ಗಂಡ ಹೆಂಡತಿ ಬೇವಿನ ನೆರಳಲ್ಲಿ ಕೂತಿದ್ದರು. ಅವರೆದುರು ನೆಲದ ಮೇಲೆ ಕುಳಿತೆ. ಸುತ್ತುಬಳಸಿ ಹೇಳಲು ಬರಲಿಲ್ಲ. ನಿಮ್ಮ ಕಣ್ಣಿನಲ್ಲಿ ನೀರಿನ ಹುಳವಿದೆ, ಅದು ಮೊದಲ ದಿನವೇ ನನ್ನ ಕಣ್ಣೆದುರಿಗೆ ಇತ್ತು, ನಾನು ಬರೆಯಲಿಲ್ಲ, ಈ ಹನಿ ಅದನ್ನು ಬೆಳೆಸುತ್ತಿದೆ ಎಂದೆ.

ಗಂಡ ಎದ್ದು ನಿಂತ. "ಏನ್ ಹೇಳಾಕತ್ತೀರಿ ನೀವು? ಇದ್ದದ್ದು ಕಂಡೂ ಬರೀಲಿಲ್ಲೇನ್ರಿ?"

"ಫಂಗಸ್ ಐತೇನು ಅಂತ ಕೇಳಿದ್ರು. ಅಷ್ಟಕ್ಕ ಉತ್ತರ ಬರದ್ನಿ."

ಅವಳು ಸೆರಗನ್ನು ಕಣ್ಣಿನಿಂದ ತೆಗೆದಳು. ಆ ಕಣ್ಣು ನನಗೆ ಮೊದಲ ಸಲ ಪೂರ್ತಿ ಕಂಡಿತು. ಕರಿಗುಡ್ಡೆಯ ಮೇಲೆ ಉಸಿರು ಬಿಟ್ಟ ಗಾಜಿನಂಥ ಮಬ್ಬು, ಸುತ್ತ ರಕ್ತ.

"ಕೇಳಿದ್ದಕ್ಕಷ್ಟ ಉತ್ತರ ಕೊಡೂದು ಕೋರ್ಟಿನ್ಯಾಗ್ರಿ ಬಾಯಾರ. ದವಾಖಾನ್ಯಾಗಲ್ಲ," ಎಂದಳು.

ಅಷ್ಟು ಹೇಳಿ ಸುಮ್ಮನಾಗಲಿಲ್ಲ. ನನ್ನನ್ನು, ಡಾಕ್ಟರನ್ನು, ಆ ಮೆಡಿಕಲ್‌ನವನನ್ನು ಒಟ್ಟಿಗೇ ಬೈದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಕೂತೇ ಇದ್ದೆ. ಬೈದು ದಣಿದ ಮೇಲೆ ಕೇಳಿದಳು: "ಈಗ ಏನ್ ಮಾಡೂದು, ಅದ ಹೇಳ್ರಿ."

ಮರುದಿನ ರಜೆ ಕೇಳಲಿಲ್ಲ, ಹಾಕಿದೆ. ಸ್ಲೈಡನ್ನು ಹತ್ತಿಯಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಗಂಡ ಹೆಂಡತಿ ಮತ್ತು ನಾನು ಮೊದಲ ಬಸ್ಸು ಹಿಡಿದೆವು. ಗಡಿಯಾಚೆಯ ಊರಿನಲ್ಲಿ ಕಾರ್ನಿಯಾಕ್ಕೆಂದೇ ಒಬ್ಬ ಡಾಕ್ಟರು ಇದ್ದಾರೆಂದು ವಿಚಾರಿಸಿಕೊಂಡಿದ್ದೆ. ದಾರಿಯುದ್ದಕ್ಕೂ ಅವಳು ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

ಆ ಡಾಕ್ಟರು ಬೆಳ್ಳಿ ಕೂದಲಿನ ಹೆಂಗಸು. ಅರ್ಧ ಮರಾಠಿ, ಅರ್ಧ ಕನ್ನಡ. ನನ್ನ ಸ್ಲೈಡನ್ನು ತಾವೇ ನೋಡಿದರು. ಹೊಸದಾಗಿ ಕೆರೆದರು. ಒಂದು ಸ್ಲೈಡ್ ಬಣ್ಣಕ್ಕೆ, ಕೆರೆದದ್ದರ ಇನ್ನೊಂದು ಚೂರು ಒಂದು ತಟ್ಟೆಗೆ. ಆ ತಟ್ಟೆಯಲ್ಲಿ ಪೌಷ್ಟಿಕಾಂಶವಿಲ್ಲದ ಅಗರ್ ಎಂಬ ಗಟ್ಟಿ ಲೋಳೆ, ಅದರ ಮೇಲೆ ಬ್ಯಾಕ್ಟೀರಿಯಾದ ತೆಳು ಹಾಸು. ಅಮೀಬಾ ಇದ್ದರೆ ಬ್ಯಾಕ್ಟೀರಿಯಾ ತಿನ್ನುತ್ತ ಹರಿದಾಡುತ್ತದೆ, ಹೋದ ದಾರಿ ಗೀರಿನಂತೆ ಉಳಿಯುತ್ತದೆ. ಹೊಸ ಸ್ಲೈಡು ತಯಾರಾದಾಗ ನನ್ನನ್ನು ಕರೆದರು.

"ಬಘಾ, ನೋಡ್ರಿ. ನೀವು ನೋಡಿದ್ದು ಖರೇ ಐತಿ."

"ಲೆನ್ಸ್ ಹಾಕೋರಿಗೆ ಅಷ್ಟ ಬರ್ತೈತಿ ಅಂದ್ರು ನಮ್ಮ ಡಾಕ್ಟರು."

"ಪುಸ್ತಕ ಬರದವರ ಊರಾಗ ಹಂಗ ಇರಬೇಕು," ಎಂದರು. "ನಮ್ಮ ಕಡೆ ಕಬ್ಬಿನ ಎಲಿ ಸಾಕು, ಹೊಂಡದ ನೀರು ಸಾಕು."

ಎರಡು ದಿನ ಕಳೆದ ಮೇಲೆ ತಟ್ಟೆಯಲ್ಲಿ ಗೀರುಗಳು ಮೂಡಿದವೆಂದು ಅವರೇ ಫೋನು ಮಾಡಿ ಹೇಳಿದರು.

ಸ್ಟೀರಾಯ್ಡ್ ನಾವು ಹೋದ ದಿನವೇ ನಿಂತಿತ್ತು. ಅಮೀಬಾವನ್ನು ಕೊಲ್ಲುವ ಹನಿ ಸಿದ್ಧ ರೂಪದಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಸೋಂಕುನಾಶಕ ದ್ರವವನ್ನು ಕಣ್ಣಿಗೆ ತಡೆಯುವಷ್ಟು ತೆಳುವಾಗಿಸಿ ಆ ಆಸ್ಪತ್ರೆಯವರೇ ತಯಾರಿಸಿ ಕೊಡುತ್ತಿದ್ದರು. ಎರಡು ಬಗೆಯ ಹನಿ, ಮೊದಲ ದಿನಗಳಲ್ಲಿ ಗಂಟೆಗೊಮ್ಮೆ, ಹಗಲೂ ಇರುಳೂ. ಅವಳನ್ನು ಅಲ್ಲೇ ಇರಿಸಿಕೊಂಡರು. ಆಮೇಲೆ ಮನೆಯಲ್ಲಿ, ತಿಂಗಳುಗಟ್ಟಲೆ. ಬಾಟಲಿ ತಂಪಿನಲ್ಲಿ ಇರಬೇಕು. ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಗಂಡ ಮಣ್ಣಿನ ಮಡಕೆಯ ಸುತ್ತ ಒದ್ದೆ ಗೋಣಿ ಸುತ್ತಿ ಒಳಗೆ ಇಡುತ್ತಿದ್ದ. ವಾರಕ್ಕೊಂದು ಹೊಸ ಬಾಟಲಿಯನ್ನು ಗಡಿಯಾಚೆಯಿಂದ ನಾನೋ ಅವನೋ ತರುತ್ತಿದ್ದೆವು.

ಆರು ವಾರ ಆಗುವಷ್ಟರಲ್ಲಿ ನೋವು ಇಳಿಯಿತು. ಬೆಳಕಿಗೆ ಮುಖ ಮಾಡತೊಡಗಿದಳು. ಆಮೇಲೆ ಒಂದು ದಿನ ಗಂಡನ ಫೋನು ಬಂತು. ಕಣ್ಣು ಮತ್ತೆ ಕೆಂಪಾಗಿದೆ, ತಲೆ ಗೋಡೆಗೆ ಹೊಡೆದುಕೊಳ್ಳುತ್ತಿದ್ದಾಳೆ.

ಮನೆಗೆ ಹೋದೆ. ಮಡಕೆಯಲ್ಲಿ ಎರಡರ ಬದಲು ಮೂರು ಬಾಟಲಿ ಇದ್ದವು. ಮೂರನೆಯದು ಮೆಡಿಕಲ್‌ನ ಅದೇ ಡ್ರಾಪ್ಸ್.

"ಯಾರ್ ತಂದವ್ರು?"

ಗಂಡ ನೆಲ ನೋಡಿದ. "ಸ್ವಲ್ಪ ಕೆಂಪ ಉಳದಿತ್ರಿ. ಮೊದಲಿನ ಔಷಧಕ್ಕ ಎರಡ ದಿನದಾಗ ಕೆಂಪ ಹೋಗಿತ್ತಲ್ಲ ಅಂತ..."

ಅವನ ಮೇಲೆ ಕೂಗಾಡಿದೆ. ಕೂಗಾಡಬಾರದಿತ್ತು. ಆರು ವಾರ ಅಲಾರಂ ಇಟ್ಟು ಎದ್ದು ಹನಿ ಹಾಕಿದವನು ಅವನೇ. ಆ ಡ್ರಾಪ್ಸ್ ಕೆಂಪು ಇಳಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಒಳಗೆ ಏನು ಬೆಳೆಯಿತೆಂದು ಅವನಿಗೆ ತೋರಿಸಲು ಯಾರ ಬಳಿ ಸೂಕ್ಷ್ಮದರ್ಶಕವಿತ್ತು?

ಬಾಟಲಿ ತೆಗೆದುಕೊಂಡು ನೇರ ಅಂಗಡಿಗೆ ಹೋದೆ.

"ಡಾಕ್ಟರ್ ಚೀಟಿ ಇಲ್ಲದ ಇದನ್ನ ಹೆಂಗ ಕೊಟ್ರಿ?"

"ಎಲ್ಲಾರಿಗೂ ಕೊಡ್ತೀವ್ರಿ ಮೇಡಂ. ಆರಾಮ ಆಗತೈತಿ."

"ಒಬ್ಬಾಕಿ ಕಣ್ಣ ಹೊಂಟೈತಿ."

"ನಾ ಕೊಡ್ಲಿಲ್ಲಂದ್ರ ಬಾಜೂದವ ಕೊಡ್ತಾನ್ರಿ," ಎಂದ. ಮುಖದಲ್ಲಿ ಕೆಟ್ಟತನವಿರಲಿಲ್ಲ. ನನ್ನ ಹಿಂದೆ ನಿಂತಿದ್ದವನಿಗೆ ಏನು ಬೇಕೆಂದು ಕೇಳುತ್ತಿದ್ದ. ನಾನು ಔಷಧ ನಿಯಂತ್ರಣದ ಕಚೇರಿಗೆ ದೂರು ಬರೆದೆ. ಸ್ವೀಕರಿಸಿದ್ದೇವೆ ಎಂಬ ಉತ್ತರ ಬಂತು. ಅದಕ್ಕಿಂತ ಹೆಚ್ಚಿನದು ಬರಲಿಲ್ಲ.

ಮೆಡಿಕಲ್‌ನ ಆ ಹನಿಗಳಿಂದ ಆದ ಹಾನಿ ಬಹಳ. ಗಡಿಯಾಚೆಯ ಡಾಕ್ಟರು ದೀಪದ ಯಂತ್ರದಲ್ಲಿ ನೋಡಿ ನನಗೂ ತೋರಿಸಿದರು. ಕಾರ್ನಿಯಾದ ನಡುವೆ ಬಳೆಯಂಥ ಬಿಳಿ ಉಂಗುರ ಕಟ್ಟಿತ್ತು. ಮತ್ತೆ ಗಂಟೆಗೊಮ್ಮೆ ಹನಿ, ಮತ್ತೆ ಮೊದಲಿನಿಂದ.

ಇತ್ತ ಆಸ್ಪತ್ರೆಯಲ್ಲಿ ನನಗೆ ಒಂದು ಪತ್ರ ಕೊಟ್ಟರು. ಅನುಮತಿ ಇಲ್ಲದೆ ವರದಿ ಕೊಟ್ಟದ್ದಕ್ಕೆ, ರೋಗಿಯನ್ನು ಬೇರೆಡೆಗೆ ಕರೆದೊಯ್ದದ್ದಕ್ಕೆ ಕ್ಷಮೆ ಬರೆದುಕೊಡಬೇಕು. ಮೊದಲ ವರದಿಗೆ ಬೇಕಾದರೆ ಕ್ಷಮೆ ಬರೆಯುತ್ತೇನೆ, ಎರಡನೆಯದಕ್ಕೆ ಬರೆಯುವುದಿಲ್ಲ ಎಂದೆ. ಮೊದಲ ವರದಿಯ ಬಗ್ಗೆ ಅವರಿಗೆ ಯಾವ ದೂರೂ ಇರಲಿಲ್ಲ. ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಈಗ ಹಾರೂಗೇರಿಯ ಒಂದು ಲ್ಯಾಬಿನಲ್ಲಿದ್ದೇನೆ.

ಮುಂದಿನ ಬೇಸಿಗೆ ಮುಗಿಯುವಾಗ ಕಣ್ಣು ಶಾಂತವಾಯಿತು. ಹುಳ ಸತ್ತಿತ್ತು, ಕಲೆ ಉಳಿಯಿತು. ಬಲಗಣ್ಣಿನಲ್ಲಿ ಅವಳಿಗೆ ಎದುರು ನಿಂತವರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಕಾರ್ನಿಯಾ ಕಸಿ ಮಾಡಬಹುದು, ಆದರೆ ಸೋಂಕು ಮರುಕಳಿಸುವುದಿಲ್ಲವೆಂದು ಖಾತ್ರಿಯಾಗುವವರೆಗೆ ಕಾಯಬೇಕು ಎಂದರು ಗಡಿಯಾಚೆಯ ಡಾಕ್ಟರು.

"ಕಲಮ ಕಟ್ಟಾಕ ಬರತೈತೇನ್ರಿ ಆಮ್ಯಾಲ?" ಎಂದು ಕೇಳಿದಳು.

"ಮಾಹೀತ ನಾಹೀ. ಖರೇ ಹೇಳ್ತೀನಿ, ಗೊತ್ತಿಲ್ಲ."

ಒಂದೇ ಕಣ್ಣಿನಲ್ಲಿ ಅವಳು ಪ್ರಯತ್ನಿಸಿದ್ದಳು. ಚಾಕು ಎಷ್ಟು ದೂರದಲ್ಲಿದೆ, ಬೊಡ್ಡೆ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಸಿಗದೆ ಹೆಬ್ಬೆರಳು ಕೊಯ್ದುಕೊಂಡಿದ್ದಳು. ಈಗ ತಂಡದವರಿಗೆ ಕಡ್ಡಿ ಆರಿಸಿ ಕಟ್ಟು ಕಟ್ಟಿ ಕೊಡುತ್ತಾಳೆ. ಕಲಮು ಕಟ್ಟುವುದು ಬೇರೆಯವರು.

ಅವತ್ತು ಗಡಿಯಾಚೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅವಳೇ ಹೇಳಿದಳು: "ನಾಳೆ ಗುರುವಾರ. ನಿಮ್ಮ ಹಳೇ ದವಾಖಾನಿಗೆ ಹೋಗೂನ್ರಿ."

"ಯಾಕ?"

"ಆ ಸಾಹೇಬ್ರಿಗೆ ಕಣ್ಣ ತೋರಸ್ಬೇಕು."

ಬೇಡವೆಂದೆ. ಕೇಳಲಿಲ್ಲ. ಮರುದಿನ ಚೀಟಿ ಮಾಡಿಸಿ, ಎಲ್ಲರಂತೆ ಬೆಂಚಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಹೋದಳು. ನಾನು ಹಿಂದೆ ನಿಂತೆ. ಡಾಕ್ಟರು ನನ್ನನ್ನು ನೋಡಿ ಗುರುತಿಸಿದರು. ಅವಳು ದೀಪದ ಯಂತ್ರಕ್ಕೆ ಗದ್ದ ಇಟ್ಟಳು. ಅವರು ಬಹಳ ಹೊತ್ತು ನೋಡಿದರು.

"ಏನ್ ಕಾಣತೈತ್ರಿ ಸಾಹೇಬ್ರ?"

"ಕಲೆ ಇದೆ."

"ಯಾವುದರಿಂದ ಆತ್ರಿ ಅದು?"

ಅವರು ಯಂತ್ರದ ದೀಪ ಆರಿಸಿದರು. ಗಡಿಯಾಚೆಯ ಆಸ್ಪತ್ರೆಯ ಕಾಗದಗಳನ್ನು ಅವಳು ಮೇಜಿನ ಮೇಲೆ ಬಿಡಿಸಿಟ್ಟಿದ್ದಳು. ಒಂದೊಂದಾಗಿ ಓದಿದರು. ಅವರ ಕಿವಿಗಳು ಕೆಂಪಾಗಿದ್ದವು.

"ಅಮೀಬಾ," ಎಂದರು.

"ಲೆನ್ಸ್ ಹಾಕೋರಿಗೆ ಬರೂದೇನ್ರಿ?"

"ಅಲ್ಲ. ನಿಮ್ಮಂಥ ಕೆಲಸ ಮಾಡೋರಿಗೂ ಬರುತ್ತೆ. ನಾನು ಆಗ..." ಎಂದು ನಿಲ್ಲಿಸಿದರು.

ಅವಳು ಅವರ ಮಾತಿಗೆ ಕಾಯಲಿಲ್ಲ. ಸೊಂಟದ ಚೀಲದಿಂದ ವೈರಸ್ ಹುಣ್ಣು ಎಂದು ಅವರೇ ಬರೆದಿದ್ದ ಚೀಟಿ ತೆಗೆದಳು. ಬೆವರಿಗೆ ಅದರ ಮಡಿಕೆಗಳು ಹರಿದಿದ್ದವು. ಅವರ ಮುಂದಿಟ್ಟು ಬೆರಳಿನಿಂದ ಸವರಿ ಸಪಾಟು ಮಾಡಿದಳು.

"ನನಗ ಓದಾಕ ಬರಂಗಿಲ್ರಿ. ಮುಂದ ನನ್ನಂಗ ಯಾರರ ಬಂದ್ರ ನಿಮಗ ನೆನಪಿರಬೇಕು. ಅದಕ್ಕ ನಿಮ್ಮ ಕೈಲೇ ಬರೀರಿ. ಏನಾಗಿತ್ತು, ಯಾತಕ್ಕ ಆತು."

"ಅಮ್ಮಾ, ಹಳೇ ಚೀಟಿಯಲ್ಲಿ ಬರೆಯೋಕಾಗಲ್ಲ."

"ಹೊಸದರಾಗ ಬರೀರಿ. ಎರಡು ಬರೀರಿ. ಒಂದು ನೀವು ಇಟಗೋರಿ."

ಹೊರಗೆ ಕಂಪೌಂಡರು ಮುಂದಿನ ಹೆಸರು ಕೂಗಿದ. ಅವಳು ಕುರ್ಚಿಯಿಂದ ಏಳಲಿಲ್ಲ. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು, ಖಾಲಿ ಹಾಳೆ ಎಳೆದುಕೊಂಡು, ಬರೆಯತೊಡಗಿದರು.